ಗರಿಗೊಂದು ಕೊಂಬು

ಖುಝಾಮ್ ರಸ್ತೆಯ ಹಿಂದೆ, ಟಯರ್ ಅಂಗಡಿಗೂ
ಮೀನುಬಲೆಯ ಗೋದಾಮಿಗೂ ನಡುವೆ ನನ್ನ ಕೋಣೆ.
ಎಸಿ ಇರುವುದು ನನಗಲ್ಲ, ಅಂಟಿಗೆ.
ರಾಸ್ ಅಲ್ ಖೈಮಾದ ಕಡಲಿನ ಬೆವರು ಒಳಗೆ ಬಂದರೆ
ಗರಿ ಕೂರುವುದಿಲ್ಲ, ಕೂತರೂ ನಿಲ್ಲುವುದಿಲ್ಲ.

ಮುಸಬ್ಬಹ್ ಬಂದ. ಹನ್ನೆರಡು ಬೋಳು ಬಾಣ ಮೇಜಿಗೆ ಸುರಿದ.
"ಐತಬ್ಬಾ," ಎಂದ. ಊರಲ್ಲಿ ನಾನು ಐತಪ್ಪ;
ದಾಟುವಾಗ ಪಕಾರ ನೀರಿಗೆ ಬಿತ್ತು.
"ಮುಂದಿನ ತಿಂಗಳು ನಮೀಬಿಯಾ. ಓರಿಕ್ಸ್.
ಮೂವತ್ತು ಹೆಜ್ಜೆ, ಒಂದೇ ಬಾಣ. ಯಾವ ಗರಿ?"

ಇಲ್ಲಿ ಬೇಟೆ ಕೂಡದು. ನಮ್ಮ ಅಂಗಳದಲ್ಲಿರುವುದು
ಫೋಮಿನ ಓರಿಕ್ಸ್, ಹೊಟ್ಟೆಗೆ ಮೂರು ತೇಪೆ,
ಎಡಗೊಂಬನ್ನು ಕಳೆದ ಶುಕ್ರವಾರ ಯಾರೋ ಹಾರಿಸಿದ್ದಾರೆ.

ಡಬ್ಬಿ ತೆರೆದೆ.
ಇದು ಪ್ಲಾಸ್ಟಿಕ್, ಎರಡಿಂಚು, ಇಬ್ಬನಿಗೆ ಹೆದರದು,
ಸದ್ದಿಲ್ಲ; ಆದರೆ ಬಿಲ್ಲಿನ ಮೈಗೆ ಒಂದಿಷ್ಟು ತಾಗಿದರೂ
ಸೇಡು ಇಟ್ಟುಕೊಳ್ಳುತ್ತದೆ, ಕೊನೆವರೆಗೂ.
ಇದು ಟರ್ಕಿ ಕೋಳಿಯದು, ನಾಲ್ಕಿಂಚು,
ತಾಗಿದರೆ ತಲೆ ಬಾಗಿಸಿ ಮುಂದೆ ಹೋಗುತ್ತದೆ,
ಅಗಲ ಅಲಗಿನ ಮೊನೆಯನ್ನೂ ಸಂಭಾಳಿಸುತ್ತದೆ.
ಆದರೆ ಹೋಗುತ್ತಾ ಪಿಸುಗುಡುತ್ತದೆ. ಓರಿಕ್ಸಿನ ಕಿವಿ ಗೊತ್ತಲ್ಲ.
ತುಸು ಓರೆಗೆ ಅಂಟಿಸಿದರೆ ಬಾಣ ತಿರುತಿರುಗಿ
ತನ್ನ ತಪ್ಪನ್ನು ಸುತ್ತಲೂ ಹಂಚಿಬಿಡುತ್ತದೆ.

"ಮೂರೋ ನಾಲ್ಕೋ?"
ನಾಲ್ಕಾದರೆ ನೆಟ್ಟಗೆ, ನಿಧಾನ. ಮೂರಾದರೆ...
ಅವನು ಕೇಳುತ್ತಿರಲಿಲ್ಲ. ಕಂದೂರದ ಜೇಬಿನಿಂದ
ಬ್ರೆಡ್ಡಿನ ಚೀಲ ತೆಗೆದ. ಒಳಗೆ ಗಿಡುಗದ ಗರಿ,
ಕಳೆದ ಬೇಸಗೆ ಉದುರಿದ್ದು.

ಗರಿಯ ವಿದ್ಯೆ ನನಗೆ ಮಾವನದು, ಕೋಳಿ ಅಂಕದವನು;
ಹುಂಜದ ಕಾಲಿಗೆ ಬಾಳು ಕಟ್ಟುವ ಮೊದಲು
ರೆಕ್ಕೆ ಬಿಡಿಸಿ ಬೆರಳಲ್ಲಿ ಓದುತ್ತಿದ್ದ.
ಅವನಿಗೆ ಬರುತ್ತಿದ್ದ ಓದು ಅದೊಂದೇ.
ಎಡ ರೆಕ್ಕೆಯದು ಒಂದು ಕಡೆ ಬಾಗುತ್ತದೆ, ಬಲದ್ದು ಇನ್ನೊಂದು.
ಒಂದು ಬಾಣಕ್ಕೆ ಒಂದೇ ರೆಕ್ಕೆ. ಬೆರೆಸಿದರೆ
ದಾರಿಯುದ್ದಕ್ಕೂ ಪಾಲಿನ ಜಗಳ.
ಚೀಲದಲ್ಲಿ ಎಡದ್ದು ಎರಡು. ಬಲದ್ದು ಮೂರು.
ಒಂದು ಬಾಣಕ್ಕಾಯಿತು.

ಕಾಗದದ ಪರೀಕ್ಷೆಗೆ ಬ್ಯಾಂಕಿನ ಕ್ಯಾಲೆಂಡರು,
ಹೋದ ತಿಂಗಳ ಹಾಳೆ. ಆರು ಹೆಜ್ಜೆಯಿಂದ ಬಿಟ್ಟ.
ಬೋಳು ಬಾಣ ಹದಿನೇಳನ್ನು ತೂತಿಸಿ ಹದಿನೆಂಟನ್ನು ಹರಿಯಿತು.
ಪ್ಲಾಸ್ಟಿಕ್ಕಿನದು ಮೇಲಕ್ಕೆ, ಸಂಕಷ್ಟಿಯವರೆಗೆ.
ಅದೇ ಬಾಣ ಮತ್ತೊಮ್ಮೆ, ಈ ಸಲ ಕೆಳಕ್ಕೆ.
ಹರುಕು ಒಂದೇ ದಿಕ್ಕಿಗಾದರೆ ಬಿಲ್ಲಿನ ದೋಷ.
ಸಲಕ್ಕೊಂದು ದಿಕ್ಕಾದರೆ ಕೈಯದು.
ಅವನ ಕೈಗೆ ಅರವತ್ತೆಂಟು. ನಾನು ಹೇಳಲಿಲ್ಲ.
ಟರ್ಕಿಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದೆ.
"ಮಗ ಪ್ಲಾಸ್ಟಿಕ್ ಅಂದ."
ಮಗನ ಕೈಗೆ ಪ್ಲಾಸ್ಟಿಕ್, ಎಂದೆ.
ನೋಡಿದ. ಅರ್ಥವಾಗಿರಬೇಕು.
ಡಬ್ಬಿಯ ಮೇಲೆ ಅಂಗೈ ಇಟ್ಟ, ಅಷ್ಟೇ.

ಸಂಜೆಗೆ ಗಿಡುಗದ ಬಾಣ ಒಣಗಿತು.
ಕಂದು ಪಟ್ಟೆ, ಅಂಚು ಮಾತ್ರ ನಾನು ಕತ್ತರಿಸಿದ್ದು.
ಬೇಡ ಎನ್ನುವಷ್ಟರಲ್ಲಿ ಹದೆ ಎಳೆದ.
ಅದು ಹೋದದ್ದು ಓರಿಕ್ಸಿನ ಎಡಗೊಂಬು ಇರಬೇಕಾದ ಜಾಗದಿಂದ,
ಆಚೆ ಮರಳಿಗೆ, ಹಾವು ಹೊಕ್ಕ ಹಾಗೆ.
ಇಬ್ಬರೂ ಮೊಣಕಾಲೂರಿ ಬಾಚಿದೆವು, ಮಗ್ರಿಬ್ ಬಾಂಗಿನ ತನಕ.
ಸಿಕ್ಕಿದ್ದು ಯಾರದೋ ಹಳೇ ಬಾಣ ಎರಡು, ಸೋಡಾ ಮುಚ್ಚಳ ಒಂದು.
ಅವನು ಮರಳು ಕೊಡವಿ ನಕ್ಕ. "ಅವಳೂ ಹೀಗೇ.
ಕೈಯಿಂದ ಬಿಟ್ಟೆ, ದಿಬ್ಬದಾಚೆ ಹೋದಳು.
ಬೆನ್ನಿಗೆ ಟ್ರಾನ್ಸ್‌ಮಿಟರ್ ಇತ್ತು. ನಾಲ್ಕು ದಿನ ಕೂಗಿತು."

ರಾತ್ರಿ ಲೆಕ್ಕದ ಪುಸ್ತಕದಲ್ಲಿ ಬರೆದೆ:
ಮುಸಬ್ಬಹ್, ಹನ್ನೊಂದು ಬಾಣ, ಮೂವತ್ತಮೂರು ಗುರಿ.
ಮತ್ತೆ ನೋಡಿದೆ. ಒಂದನೇ ಕ್ಲಾಸಿನಿಂದಲೂ ನನಗೆ ಕೊಂಬಿನದೇ ಕಷ್ಟ,
ಬೇಕಾದಲ್ಲಿ ಬಿಡುತ್ತಿದ್ದೆ, ಬೇಡದಲ್ಲಿ ಇಡುತ್ತಿದ್ದೆ;
ಲಿಲ್ಲಿ ಟೀಚರು ಸ್ಲೇಟಿಗೆ ಕುಟ್ಟಿ ಕುಟ್ಟಿ
ಗ ಕೊಂಬು ಗು, ಗ ಕೊಂಬು ಗು.
ಕೊಂಬು ಹೊಡೆದುಹಾಕಿದೆ.

ಬೀಗ ಹಾಕುವಾಗ ಅಂಗಳದ ದೀಪ ಇನ್ನೂ ಉರಿಯುತ್ತಿತ್ತು.
ಉಳಿದೊಂದು ಕೊಂಬಿನಿಂದ ಇಬ್ಬನಿ
ಫೋಮಿನ ಕಿವಿಗೆ ತೊಟ್ಟಿಕ್ಕುತ್ತಿತ್ತು.